ಅಪ್ಪನ ಮನೆಯ ಹತ್ತೊಂಬತ್ತು ಜನ

ಓರೆಹೋವ್ ದೋಲ್
ಅಕ್ಟೋಬರ್ 31, ಮಂಗಳವಾರ

ರುಮ್ಯಾನಾ,

ದೇವರು ನಿನ್ನನ್ನೂ ಪ್ಲಾಮೆನ್‌ನನ್ನೂ ಮಕ್ಕಳನ್ನೂ ಆರೋಗ್ಯವಾಗಿ ಇಟ್ಟಿರಲಿ. ಇದನ್ನು ಮೊದಲೇ ಬರೆದು ಮುಗಿಸುತ್ತಿದ್ದೇನೆ. ಮುಂದಿನದನ್ನೆಲ್ಲ ಬರೆದ ಮೇಲೆ ಇಂಥ ಮಾತು ನನ್ನ ಕೈಯಿಂದ ಬರುವುದಿಲ್ಲ.

ಭಾನುವಾರದಿಂದ ನಿನಗೆ ಒಂಬತ್ತು ಸಲ ಫೋನ್ ಮಾಡಿದೆ. ಮೊದಲೆರಡು ಸಲ ರಿಂಗ್ ಆಯಿತು, ನೀನು ಕತ್ತರಿಸಿದೆ. ಆಮೇಲೆ ರಿಂಗೂ ಇಲ್ಲ. ಅದಕ್ಕೇ ಈ ಕಾಗದ. ಬಸ್ಸಿನ ಡ್ರೈವರ್ ಇಲಿಯಾನ ಕೈಯಲ್ಲಿ ಕೊಡುತ್ತೇನೆ. ಬಾಗಿಲು ತೆಗೆಯುವವರೆಗೂ ಬಡಿ ಎಂದು ಹೇಳಿದ್ದೇನೆ. ಇಲಿಯಾ ಒರಟ, ನಾಚಿಕೆ ಬಿಟ್ಟವನು. ಈ ಕೆಲಸಕ್ಕೆ ಅಂಥವನೇ ಸರಿ.

ವಿಷಯ ಇಷ್ಟು. ನಾನು ಹುಟ್ಟಿದ ಊರಿನಲ್ಲಿ ನನಗೆ ಓಟು ಇಲ್ಲ. ಐವತ್ತು ವರ್ಷದಲ್ಲಿ ನಾನು ಈ ಊರು ಬಿಟ್ಟು ಇದ್ದದ್ದು ಎರಡು ಹೆರಿಗೆಗೆ ಆಸ್ಪತ್ರೆಯಲ್ಲಿದ್ದಾಗ ಮಾತ್ರ. ಮದುವೆಯಾಗಿ ಹೋದದ್ದೂ ಇದೇ ಊರಿನ ಕೆಳಬೀದಿಗೆ. ನಾನು ಇಲ್ಲಿಯವಳಲ್ಲವಂತೆ. ಆದರೆ ಅಪ್ಪನ ಮನೆಯಲ್ಲಿ ವಾಸವಾಗಿರುವ ಹತ್ತೊಂಬತ್ತು ಜನ ಇಲ್ಲಿಯವರಂತೆ. ಅವರು ಭಾನುವಾರ ಬಂದು ಓಟು ಹಾಕಿ ಹೋದರು. ಅವರನ್ನು ಆ ಮನೆಗೆ ಸೇರಿಸಿದ ಕಾಗದದ ಮೇಲೆ ನಿನ್ನ ಸಹಿ ಇದೆ. ನಾನು ಕಣ್ಣಾರೆ ನೋಡಿದೆ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿಲ್ಲದ್ದೂ ಇದರಲ್ಲಿ ಇದೆ.

ಸೆಪ್ಟೆಂಬರಿನಲ್ಲಿ ವಾಚನಾಲಯದ ಬಾಗಿಲಿಗೆ ಮತದಾರರ ಪಟ್ಟಿ ಅಂಟಿಸಿದರು. ಸತ್ತವರ ಫೋಟೋ ಚೀಟಿ ಅಂಟಿಸುವ ಹಲಗೆಯ ಪಕ್ಕದಲ್ಲೇ. ನಾನು ಚರ್ಚಿಗೆ ಹೋಗುತ್ತಿದ್ದೆ. ಮಲಿನಾ ನಿಂತು ಓದುತ್ತಿದ್ದಳು. ಇಪ್ಪತ್ತು ವರ್ಷದಿಂದ ಈ ಊರಿಗೆ ಅಂಚೆ ಹಂಚುವವಳು ಅವಳು, ಯಾರ ಮನೆಗೆ ಯಾರ ಕಾಗದ ಬರುತ್ತದೆ ಎಂದು ನಿದ್ದೆಯಲ್ಲೂ ಹೇಳುತ್ತಾಳೆ. ಈ ಸಲ ಊರ ಮೇಯರ್ ಸ್ಥಾನಕ್ಕೆ ನಿಂತಿದ್ದಳು.

"ಗಿನ್ಕಕ್ಕ, ನಿಮ್ಮಪ್ಪನ ಮನೇಲಿ ಈಗ ಯಾರಿದ್ದಾರೆ?" ಅಂದಳು.

"ಯಾರಿರ್ತಾರೆ ಮಾರಾಯ್ತಿ, ಇಲಿ ಇದಾವೆ."

"ಹತ್ತೊಂಬತ್ತು ಇಲಿ ಇದಾವೆ ನೋಡು. ಎಲ್ಲಕ್ಕೂ ಓಟಿದೆ."

ಕನ್ನಡಕ ಹಾಕಿಕೊಂಡು ಓದಿದೆ. ಒಂದಾದ ಮೇಲೊಂದು ಹೆಸರು. ಒಂದೂ ನಮ್ಮ ಕಡೆಯದಲ್ಲ. ಎರಡು ವರ್ಷದ ಹಿಂದಿನ ಹಿಮಕ್ಕೆ ಅಡುಗೆಮನೆಯ ಮಾಡು ಕುಸಿದದ್ದು ನಿನಗೂ ಗೊತ್ತು. ಅಪ್ಪ ಮಲಗುತ್ತಿದ್ದ ಕೋಣೆಯ ಕಿಟಕಿಯೊಳಗೆ ಅಕ್ರೋಟದ ಕೊಂಬೆ ಬಂದಿದೆ. ಇರುವುದು ಒಂದೇ ಮಂಚ. ಅದರ ಮೇಲೆ ಹತ್ತೊಂಬತ್ತು ಜನ ಹೇಗೆ ಮಲಗುತ್ತಾರೆ ಎಂದು ನಾನು ಅಲ್ಲೇ ನಿಂತು ಯೋಚಿಸಿದೆ.

ಅವರು ಯಾರು ಎಂದು ಮಲಿನಾ ಎರಡೇ ದಿನದಲ್ಲಿ ಪತ್ತೆ ಮಾಡಿದಳು. ಮಲಿನಾಳ ಎದುರು ನಿಂತ ವೆಲ್ಕೋನ ಗೋದಾಮಿನಲ್ಲಿ ಮೂಟೆ ಹೊರುವವರು, ಅವರ ಹೆಂಡಂದಿರು. ಪ್ಲೋವ್ದಿವ್ ಕಡೆಯಿಂದ ಬಂದವರೂ ಇದ್ದರು. ವೆಲ್ಕೋ ಮೇಯರ್ ಆಗಬೇಕು ಎಂದು ಯಾಕೆ ಹಟ ಹಿಡಿದಿದ್ದಾನೆ ಎಂದು ಊರಿನ ಕುರಿಗಳಿಗೂ ಗೊತ್ತು. ಗುಡ್ಡದ ಗೋಮಾಳ ಅವನಿಗೆ ಗುತ್ತಿಗೆಗೆ ಬೇಕು, ಅದಕ್ಕೆ ಊರ ಮೇಯರನ ಒಪ್ಪಿಗೆ ಬೇಕು, ಆ ಮೇಯರ್ ತಾನೇ ಆದರೆ ಕೇಳುವವರು ಯಾರು. ನಲವತ್ತು ಮನೆಗಳ ಕುರಿ ಮೇಯುವುದು ಅಲ್ಲಿ. ನನ್ನ ಹದಿನಾಲ್ಕೂ ಅಲ್ಲೇ.

ನಾನು ಕಚೇರಿಗೆ ಹೋಗಿ ಕೂಗಾಡಬಹುದಿತ್ತು. ಹಾಗೆ ಮಾಡಲಿಲ್ಲ. ಸೆಪ್ಟೆಂಬರ್ ಹದಿನಾಲ್ಕಕ್ಕೆ ಶಿಲುಬೆಯ ಹಬ್ಬ ಬಂತು. ಪಾದ್ರಿ ಅನಾಸ್ತಾಸ್ ಅವರ ಹತ್ತಿರ ಹೋಗಿ, ಅಪ್ಪನ ಮನೆಗೆ ನೀರು ಮಂತ್ರಿಸಬೇಕು ಎಂದೆ. ಖಾಲಿ ಮನೆಗಾ ಎಂದು ಕೇಳಿದರು. ಖಾಲಿ ಎಲ್ಲಿ, ತುಂಬಿ ತುಳುಕುತ್ತಿದೆ, ಪಟ್ಟಿ ನೋಡಿಲ್ಲವಾ ಎಂದೆ. ಅವರು ಗಡ್ಡ ನೀವಿಕೊಂಡರು. ಆಮೇಲೆ, ಮನೆಯವರ ಹೆಸರು ಬರೆದುಕೊಂಡು ಬಾ ಎಂದರು.

ಮನೆಗೆ ನೀರು ಮಂತ್ರಿಸುವಾಗ ಆ ಸೂರಿನ ಕೆಳಗಿರುವ ಪ್ರತಿಯೊಬ್ಬರ ಹೆಸರನ್ನೂ ಅವರ ಆರೋಗ್ಯಕ್ಕಾಗಿ ಗಟ್ಟಿಯಾಗಿ ಓದಬೇಕಲ್ಲ, ಹತ್ತೊಂಬತ್ತನ್ನೂ ದೊಡ್ಡ ಅಕ್ಷರದಲ್ಲಿ ಬರೆದೆ. ಪೂಜೆ ಮುಗಿಸಿದ ಜನ ಎಲ್ಲ ಹಿಂದೆಯೇ ಬಂದರು. ಅಂಗಳದಲ್ಲಿ ಮುಳ್ಳು ಕಡಿದು ಮೇಜು ಹಾಕಿದೆ, ತಾಮ್ರದ ಬೋಗುಣಿಯಲ್ಲಿ ನೀರು, ಕಾಮಕಸ್ತೂರಿಯ ಕಟ್ಟು. ಪಾದ್ರಿಗಳು ಒಂದು ಹೆಸರು ಓದುವುದು, ತಲೆಯೆತ್ತಿ ಬಾಗಿಲ ಕಡೆ ನೋಡುವುದು, ಯಾರೂ ಹೊರಗೆ ಬರುವುದಿಲ್ಲ, ಮುಂದಿನ ಹೆಸರು. ನಗಬಾರದು ಎಂದು ಎಲ್ಲರೂ ತಡೆದುಕೊಂಡರು. ಎಂಟನೆಯ ಹೆಸರಿಗೆ ಕುರಿಯ ಪೇತರ್ ಮುದುಕ ತಡೆಯಲಾರದೆ, "ಮಲಗಿರ್ಬೇಕು ಪಾದ್ರಿಗಳೇ, ನಿಧಾನಕ್ಕೆ ಓದಿ, ಎದ್ದುಬಿಟ್ಟಾರು" ಎಂದ. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ವೆಲ್ಕೋ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ನೋಡುತ್ತಿದ್ದ. ಪಾದ್ರಿಗಳು ಮಾತ್ರ ನಗಲಿಲ್ಲ. ಹತ್ತೊಂಬತ್ತನ್ನೂ ಓದಿ ಮುಗಿಸಿ, ಕಾಮಕಸ್ತೂರಿ ಅದ್ದಿ ಬಾಗಿಲಿಗೆ ನೀರು ಚಿಮುಕಿಸಿ, "ಇವರೂ ದೇವರ ಮಕ್ಕಳೇ, ಎಲ್ಲಿದ್ದರೂ ಚೆನ್ನಾಗಿರಲಿ. ಆದರೆ ಇಲ್ಲಿ ಇಲ್ಲ" ಎಂದರು.

ಆ ದಿನ ನನಗೆ ಸೊಕ್ಕು ಬಂದಿತ್ತು ರುಮಿ. ಒಪ್ಪಿಕೊಳ್ಳುತ್ತೇನೆ.

ಅದರ ಮೇಲೆ ನಾನೂ ಮಲಿನಾಳೂ ದೂರು ಬರೆದೆವು. ತಿಂಗಳ ಕೊನೆಗೆ ಸಮಿತಿಯವರು ಬಂದರು. ಪಟ್ಟಣದ ಒಬ್ಬ ಅಧಿಕಾರಿ, ಒಬ್ಬ ಪೊಲೀಸ್, ನಮ್ಮೂರ ಕಚೇರಿಯ ಗುಮಾಸ್ತೆ ಎಲೆನ್ಕಾ. ಅಧಿಕಾರಿ ಒಳಗೆ ಹೋಗಿ ಕೋಟಿಗೆ ಜೇಡರ ಬಲೆ ಹತ್ತಿಸಿಕೊಂಡು ಬಂದ. "ಯಾರೂ ಇಲ್ವಾ ಇಲ್ಲಿ?" ಎಂದ. ಯಾರೂ ಇಲ್ಲ ಎಂದೆ. "ಒಬ್ಬರೂ?" ಒಂದು ಬೆಕ್ಕೂ ಇಲ್ಲ, ಬೇಕಾದರೆ ಶಿಲುಬೆ ಮುಟ್ಟಿ ಹೇಳುತ್ತೇನೆ ಎಂದೆ. ಹಾಗಾದರೆ ಬರೆದುಕೊಡಿ ಎಂದ. ಬರೆದುಕೊಟ್ಟೆ. ದಿಮಿತರ್ ಪೆತ್ಕೋವ್ ಅವರ ಮನೆಯಲ್ಲಿ ಯಾರೊಬ್ಬರೂ ವಾಸವಿಲ್ಲ ಎಂದು ಬರೆದು ಸಹಿ ಹಾಕಿದೆ. ಆ ವಿಳಾಸದವರನ್ನೆಲ್ಲ ಪಟ್ಟಿಯಿಂದ ಅಳಿಸಿದರು. ಮನೆಗೆ ಬಂದು ದೀಪ ಹಚ್ಚಿ ದೇವಮಾತೆಗೆ ವಂದಿಸಿದೆ.

ಮೊನ್ನೆ ಗುರುವಾರ ದಿಮಿತರ್ ಸಂತರ ಹಬ್ಬ, ಅಪ್ಪನ ಹೆಸರಿನ ಹಬ್ಬ. ಸಮಾಧಿಗೆ ಬೇಯಿಸಿದ ಗೋದಿ ತೆಗೆದುಕೊಂಡು ಹೋದೆ. ನೀನು ಬರುತ್ತೀ ಎಂದು ಎರಡು ಬಟ್ಟಲು ಮಾಡಿದ್ದೆ. ನೀನು ಬರಲಿಲ್ಲ. ಆಗ ನನಗೆ ಅನುಮಾನ ಬರಬೇಕಿತ್ತು.

ಭಾನುವಾರ ಆರಾಧನೆ ಮುಗಿಸಿ, ಚರ್ಚಿನಲ್ಲಿ ನಾನು ಮೇಣದಬತ್ತಿ ಮಾರುವ ಗೂಡಿಗೆ ಬೀಗ ಹಾಕಿ, ವಾಚನಾಲಯಕ್ಕೆ ಹೋದೆ. ಮತಗಟ್ಟೆಯ ಮೇಜಿನ ಹಿಂದೆ ಟೀಚರ್ ಬೊಗ್ದಾನಾ. ನನ್ನ ಮಗನಿಗೆ ಅಕ್ಷರ ಕಲಿಸಿದವಳು. ಕಾರ್ಡ್ ತೆಗೆದುಕೊಂಡು ಬೆರಳಿಟ್ಟು ಹುಡುಕಿದಳು, ಮತ್ತೆ ಮೇಲಿಂದ ಹುಡುಕಿದಳು.

"ಗಿನ್ಕಕ್ಕ, ನೀವಿಲ್ಲ."

"ಎದುರಿಗೇ ನಿಂತಿದ್ದೀನಲ್ಲೇ."

"ಪಟ್ಟೀಲಿಲ್ಲ ಅಕ್ಕ. ಅಳಿಸಿದವರ ಪಟ್ಟೀಲಿ ಇದ್ದೀರಿ. ಅದರಲ್ಲಿ ನೀವೊಬ್ಬರೇ ಇರೋದು."

ಕಾರ್ಡ್ ವಾಪಸು ಈಸಿಕೊಂಡು ಓದಿದೆ. ನನ್ನ ಗುರುತಿನ ಚೀಟಿಯಲ್ಲಿ ಇವತ್ತಿಗೂ ಅಪ್ಪನ ಮನೆಯ ವಿಳಾಸ. ಮದುವೆಯಾದಾಗ ಬದಲಿಸಲು ಹೊರಟಿದ್ದೆ. ಇರಲಿ ಬಿಡೇ, ನಿನ್ನ ಹೆಸರಾದರೂ ಇಲ್ಲಿ ಇರಲಿ ಎಂದು ಅಪ್ಪ ತಡೆದಿದ್ದರು. ಆ ಮನೆಯಲ್ಲಿ ಯಾರೂ ವಾಸವಿಲ್ಲ ಎಂದು ನಾನೇ ಬರೆದುಕೊಟ್ಟಿದ್ದೆನಲ್ಲ, ಆ ಯಾರೂ ಎನ್ನುವುದರಲ್ಲಿ ನಾನೂ ಇದ್ದೆ.

ಹಾಗಾದರೆ ಉಳಿದ ಹತ್ತೊಂಬತ್ತು ಎಲ್ಲಿ ಎಂದು ಕೇಳಿದೆ. ಎಲೆನ್ಕಾ ಪಕ್ಕದಲ್ಲೇ ಕೂತಿದ್ದಳು. ಅವರು ವಕೀಲರನ್ನು ಇಟ್ಟು ಶುಕ್ರವಾರ ವಾಪಸು ಸೇರಿಸಿಕೊಂಡರು ಎಂದಳು. ಅವರ ಹತ್ತಿರ ಮನೆ ಮಾಲೀಕರ ಒಪ್ಪಿಗೆ ಪತ್ರ ಇದೆಯಂತೆ, ನನ್ನ ಹತ್ತಿರ ಇಲ್ಲವಂತೆ.

"ಮಾಲೀಕಳು ನಾನೇ ಕಣೇ, ಎಲೆನ್ಕಾ. ಅರ್ಧ ಮನೆ ನನ್ನದು."

"ಇರಬಹುದು ಗಿನ್ಕಕ್ಕ. ಆದ್ರೆ ನಿಮಗೆ ನೀವು ಒಪ್ಪಿಗೆ ಕೊಟ್ಟಿಲ್ವಲ್ಲ."

ಇಡೀ ಬಲ್ಗೇರಿಯಾದಲ್ಲಿ ತನ್ನ ಅಪ್ಪನ ಮನೆಯಲ್ಲಿ ಹುಟ್ಟಲು ಒಪ್ಪಿಗೆ ಪತ್ರ ಬರೆಸಿಕೊಳ್ಳದೆ ಬಂದ ಮೂರ್ಖಳು ನಾನೊಬ್ಬಳೇ ಇರಬೇಕು.

ಹೊರಗೆ ಬಂದರೆ ಎರಡು ವ್ಯಾನು ನಿಂತಿದ್ದವು. ನನ್ನ ವಯಸ್ಸಿನವಳೇ ಒಬ್ಬಳು ಇಳಿದು, ವಾಚನಾಲಯ ಯಾವ ಕಡೆ ಎಂದು ನನ್ನನ್ನೇ ಕೇಳಿದಳು. ನಿಮ್ಮದು ಯಾವ ಊರು ಎಂದೆ.

"ಇದೇ ಊರು."

"ಯಾರ ಮನೆ?"

ಅವಳು ಪರ್ಸಿನಿಂದ ಚೀಟಿ ತೆಗೆದು ಓದಿದಳು. "ದಿಮಿತರ್ ಪೆತ್ಕೋವ್ ಮನೆ."

"ಹೇಗಿದೆ ಮನೆ?"

"ಚೆನ್ನಾಗಿದೆ. ಗಾಳಿ ಬೆಳಕು ಬರುತ್ತೆ."

"ಬರದೆ ಏನು, ಮಾಡೇ ಇಲ್ವಲ್ಲ. ನಾನು ಆ ಮನೆ ಮಗಳು."

ಅವಳ ಮುಖ ನೋಡಬೇಕಿತ್ತು. ಕೈ ನೋಡಿದೆ, ಮೂಟೆಯ ದಾರ ಎಳೆದು ಎಳೆದು ಬೆರಳ ಸಂದಿಯೆಲ್ಲ ಒಡೆದಿತ್ತು. ತಗ್ಗಿದ ದನಿಯಲ್ಲಿ, "ಬರ್ಲಿಲ್ಲ ಅಂದ್ರೆ ಸೋಮವಾರದಿಂದ ಕೆಲ್ಸ ಇಲ್ಲ ಅಂದ್ರು ಅಮ್ಮ. ಕ್ಷಮಿಸಿ" ಎಂದಳು. ವಾಚನಾಲಯದ ಬಾಗಿಲು ತೋರಿಸಿದೆ. ನನ್ನ ಓಟನ್ನು ಕಸಿದುಕೊಂಡವಳಿಗೆ ದಾರಿ ತೋರಿಸಿದವಳೂ ನಾನೇ ಆದೆ.

ಮಲಿನಾ ಹನ್ನೊಂದು ಓಟಿನಿಂದ ಸೋತಳು.

ನಿನ್ನೆ ಕಚೇರಿಗೆ ಹೋಗಿ, ಆ ಒಪ್ಪಿಗೆ ಪತ್ರ ತೋರಿಸದೆ ನಾನು ಏಳುವುದಿಲ್ಲ ಎಂದು ಕೂತೆ. ಎಲೆನ್ಕಾ ಮಧ್ಯಾಹ್ನದವರೆಗೆ ಕಾಯಿಸಿ ಫೈಲು ತೆಗೆದಳು. ನಿನ್ನ ಸಹಿ, ಕೊನೆಯಲ್ಲಿ ಎಳೆಯುವ ಉದ್ದ ಬಾಲ, ಶಾಲೆಯಲ್ಲಿ ಎಷ್ಟು ಬೈಸಿಕೊಂಡರೂ ಬಿಡದ ಬಾಲ. ತಾರೀಖು ಈಸ್ಟರ್ ಮುಗಿದ ಮಂಗಳವಾರ. ಆ ದಿನ ನೀನು ನನ್ನ ಅಡುಗೆಮನೆಯಲ್ಲಿ ಬಾನಿತ್ಸಾ ತಿನ್ನುತ್ತಾ ಕೂತಿದ್ದೆ. "ಕಚೇರಿಗೆ ಹೋಗ್ಬರ್ತೀನಿ ಅಕ್ಕ, ಒಂದು ಸಣ್ಣ ಕೆಲಸ" ಎಂದೆ. ತಟ್ಟೆ ಮುಚ್ಚಿಟ್ಟು ನಿನ್ನನ್ನು ಕಾದೆ. ನೀನು ವಾಪಸು ಬಂದು ಉಳಿದದ್ದನ್ನು ತಿಂದೆ. ಅದು ಹೇಗೆ ಗಂಟಲಲ್ಲಿ ಇಳಿಯಿತು?

ನೀನು ಏನು ಹೇಳುತ್ತೀ ಎಂದು ನನಗೆ ಗೊತ್ತು. ಪ್ಲಾಮೆನ್ ವೆಲ್ಕೋನ ಲಾರಿ ಓಡಿಸುತ್ತಾನೆ, ಧಣಿ ಕೇಳಿದ, ಇಲ್ಲ ಎನ್ನಲಾಗಲಿಲ್ಲ. ಅದು ಸುಳ್ಳಲ್ಲ. ಆದರೆ ಅಕ್ಕನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತಾಳೆ ಎಂದು ಕೇಳಲಿಲ್ಲ. ಸುಳ್ಳು ಸಾಕ್ಷಿ ಹೇಳಬೇಡ ಎನ್ನುವುದು ದೇವರ ಹತ್ತು ಆಜ್ಞೆಗಳಲ್ಲಿ ಎಷ್ಟನೆಯದು ಎಂದು ಅಜ್ಜಿ ನಮ್ಮಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಕೇಳುತ್ತಿದ್ದಳು. ಬೆರಳು ಎಣಿಸದೆ ಹೇಳುತ್ತಿದ್ದವಳು ನೀನು.

ಇನ್ನೊಂದೂ ಹೇಳುತ್ತೀ. ನಾಲ್ಕು ವರ್ಷದ ಹಿಂದೆ ಊರಿನವರೆಲ್ಲ ಇದನ್ನೇ ಮಾಡಲಿಲ್ಲವಾ, ನೀನೂ ಮುಂದೆ ನಿಂತಿರಲಿಲ್ಲವಾ ಎನ್ನುತ್ತೀ. ಮಾಡಿದೆವು. ತಲೆ ಲೆಕ್ಕ ಕಡಿಮೆಯಾದ ಊರಿಗೆ ಚುನಾವಣೆ ಇಲ್ಲ, ಪಟ್ಟಣದವರು ತಮಗೆ ಬೇಕಾದವರನ್ನು ತಂದು ಕೂರಿಸುತ್ತಾರೆ ಎಂದು ಆಗ ನೋಟೀಸು ಬಂದಿತ್ತು. ನಮಗೆ ಹದಿನೇಳು ತಲೆ ಕಡಿಮೆ ಬಿದ್ದಿತ್ತು. ನಾನೇ ಮೇಣದಬತ್ತಿಯ ಗೂಡಿನ ಹತ್ತಿರ ನಿಂತು, ಬತ್ತಿ ಕೊಳ್ಳಲು ಬಂದ ಒಬ್ಬೊಬ್ಬರಿಗೂ ಹೇಳಿದೆ: ಪಟ್ಟಣದಲ್ಲಿರುವ ಮಕ್ಕಳನ್ನು ಅಪ್ಪ ಅಮ್ಮನ ಮನೆಗೆ ಬರೆಸಿ ಎಂದು. ಅದು ಬೇರೆ. ಅವರು ಈ ಊರಿನ ಮಕ್ಕಳು, ಬೇಸಿಗೆಯಲ್ಲಿ ಬಂದು ಟೊಮೆಟೊ ಬೇಯಿಸಿ ಶೀಶೆ ತುಂಬಿಕೊಂಡು ಹೋಗುವವರು, ಸತ್ತರೆ ಇಲ್ಲಿಗೇ ತರುವ ಹೆಣಗಳು. ನಾವು ಊರನ್ನು ಉಳಿಸಲು ಮಾಡಿದೆವು. ವೆಲ್ಕೋ ಊರನ್ನು ಮೇಯಲು ಮಾಡಿದ.

ಹೀಗೆ ನಾನು ಭಾನುವಾರದಿಂದ ನನಗೇ ಹೇಳಿಕೊಳ್ಳುತ್ತಿದ್ದೇನೆ.

ಈಗ ಮಾಡಬೇಕಾದ್ದನ್ನು ಕೇಳು. ಚುನಾವಣೆಯನ್ನು ಪ್ರಶ್ನಿಸಲು ಶುಕ್ರವಾರ ಕೊನೆಯ ದಿನ. ನಿನ್ನ ಊರಿನ ಕೋರ್ಟಿನಲ್ಲೇ, ನಿನ್ನ ಮನೆಯಿಂದ ನಾಲ್ಕು ಸ್ಟಾಪು. ಮಲಿನಾಳ ವಕೀಲರು ಹೇಳುವುದು ಇಷ್ಟು: ಹಾಳು ಮನೆಯ ಫೋಟೋ ಸಾಕಾಗುವುದಿಲ್ಲ, ಒಪ್ಪಿಗೆ ಪತ್ರ ಗಟ್ಟಿಯಾಗಿದೆ. ಅದನ್ನು ಬರೆದುಕೊಟ್ಟವರೇ ಬಂದು, ಈ ಜನರನ್ನು ನಾನು ಕಂಡೂ ಇಲ್ಲ, ಇವರು ಒಂದು ದಿನವೂ ಅಲ್ಲಿ ಇರಲಿಲ್ಲ, ಕೇಳಿದ್ದಕ್ಕೆ ಸಹಿ ಹಾಕಿದೆ ಎಂದು ಹೇಳಿದರೆ ಮಾತ್ರ ಆ ಓಟುಗಳು ಬೀಳುತ್ತವೆ. ಆಗ ಓರೆಹೋವ್ ದೋಲ್ ಮತ್ತೆ ಓಟು ಹಾಕುತ್ತದೆ. ಅಷ್ಟರಲ್ಲಿ ನನ್ನ ಹೆಸರನ್ನು ಕೆಳಬೀದಿಯ ಮನೆಗೆ ಬರೆಸುತ್ತೇನೆ. ತಾನಾಗಿ ಬಂದು ಹೇಳಿದವರನ್ನು ನ್ಯಾಯಾಧೀಶರು ಬೇರೆ ಕಣ್ಣಿನಿಂದ ನೋಡುತ್ತಾರಂತೆ. ಏನೂ ಆಗುವುದಿಲ್ಲ ಎಂದು ಮಾತ್ರ ವಕೀಲರು ಹೇಳಲಿಲ್ಲ, ಆದ್ದರಿಂದ ನಾನೂ ಹೇಳುವುದಿಲ್ಲ. ಪ್ಲಾಮೆನ್‌ನ ಕೆಲಸ ಹೋಗುತ್ತದೆ. ಹೋಗಬಹುದು ಎಂದು ಬರೆದು ನಿನ್ನನ್ನು ಪುಸಲಾಯಿಸುವುದಿಲ್ಲ. ಹೋಗುತ್ತದೆ.

ಆದರೂ ಬಾ. ಗೋಮಾಳ ಒಂದು ಸಲ ಹೋದರೆ ಹೋದಂತೆ. ಕುರಿ ಮಾರಿದ ಮೇಲೆ ಪೇತರ್ ಮುದುಕ ಇಲ್ಲಿ ಏನು ನೋಡಿಕೊಂಡು ಇರುತ್ತಾನೆ? ನಾನು ಏನು ನೋಡಿಕೊಂಡು ಇರಲಿ? ಆಗ ಆ ಸಮಿತಿಯವನು ಮತ್ತೆ ಬಂದರೆ ಎಲ್ಲ ಮನೆಯಲ್ಲೂ ಯಾರೂ ವಾಸವಿಲ್ಲ ಎಂದು ಬರೆದುಕೊಂಡು ಹೋಗಬಹುದು, ಅದು ನಿಜವೂ ಆಗಿರುತ್ತದೆ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ, ಎರಡನೇ ಮಹಡಿ. ಅರ್ಜಿ ಕೊಡುವಾಗಲೇ ನಮ್ಮ ಹೇಳಿಕೆಯನ್ನೂ ಬರೆಸಿಕೊಳ್ಳುತ್ತಾರಂತೆ. ನೀನು ಬರದಿದ್ದರೆ ನಾನು ಹುಡುಕಿಕೊಂಡು ಬರುವುದಿಲ್ಲ, ಫೋನೂ ಮಾಡುವುದಿಲ್ಲ. ಬರುವ ಈಸ್ಟರಿಗೆ ಮೊಟ್ಟೆ ಬಣ್ಣ ಹಾಕುವಾಗ ನಿನ್ನ ಪಾಲಿನದನ್ನು ಹಾಕುವುದಿಲ್ಲ. ಇದು ಬೆದರಿಕೆ ಅಂದುಕೊಂಡರೆ ಬೆದರಿಕೆಯೇ.

ನೀನು ಕರೆದರೂ ಕರೆಯದಿದ್ದರೂ ನಿನ್ನ ಅಕ್ಕ,
ಗಿನ್ಕಾ

ಮೇಲೆ ಬರೆಯಲಾಗದೆ ಕೆಳಗೆ ಉಳಿದದ್ದು: ನಿನ್ನೆ ಎಲೆನ್ಕಾ ತೆಗೆದ ಫೈಲಿನಲ್ಲಿ ಹತ್ತೊಂಬತ್ತು ಒಪ್ಪಿಗೆ ಪತ್ರ ಇದ್ದವು. ನಿನ್ನ ಸಹಿ ಇದ್ದದ್ದು ಹದಿಮೂರರ ಮೇಲೆ. ಉಳಿದ ಆರರ ಮೇಲೆ ಇದ್ದದ್ದು ನನ್ನ ಸಹಿ. ನಾಲ್ಕು ವರ್ಷದ ಹಿಂದೆ, ನಿನ್ನ ಮಕ್ಕಳಿಗೋ ಇನ್ಯಾರಿಗೋ ಬೇಕಾದೀತು ಎಂದು, ಹೆಸರೂ ತಾರೀಖೂ ಇಲ್ಲದ ಖಾಲಿ ನಮೂನೆಗಳಿಗೆ ಸಹಿ ಹಾಕಿ ಅವಳ ಕೈಯಲ್ಲಿ ಕೊಟ್ಟಿದ್ದೆ. ಆಮೇಲೆ ಅವು ನೆನಪಿಗೂ ಬರಲಿಲ್ಲ. "ನೀವೇ ಕೊಟ್ಟಿದ್ದು ಗಿನ್ಕಕ್ಕ, ನಾನೇನು ಕದ್ದಿಲ್ಲ" ಎಂದಳು. ಕದ್ದಿಲ್ಲ, ನಿಜ. ಕಚೇರಿಯಿಂದ ನೇರ ಪಾದ್ರಿ ಅನಾಸ್ತಾಸ್ ಅವರ ಹತ್ತಿರ ಹೋಗಿ ಪಾಪ ಹೇಳಿಕೊಂಡೆ. ನಿನ್ನದನ್ನೇ ತುಂಬ ಹೊತ್ತು ಹೇಳಿದೆ. ಕೇಳಿ ಕೇಳಿ ಅವರು, "ತಂಗಿಯವು ಹದಿಮೂರು ಅಂದೆ. ಪಟ್ಟೀಲಿ ನಾನು ಓದಿದ್ದು ಹತ್ತೊಂಬತ್ತು" ಎಂದರು. ನಿನಗೆ ಬರೆಯುವವರೆಗೆ ಪ್ರಸಾದಕ್ಕೆ ಬರಬೇಡ ಎಂದಿದ್ದಾರೆ. ಈಗ ಬರೆದೆ.

ಶುಕ್ರವಾರ ನನ್ನ ಆರನ್ನು ಹೇಳುತ್ತೇನೆ, ನೀನು ಬಂದರೂ ಬರದಿದ್ದರೂ. ಆದರೆ ಸೋತದ್ದು ಹನ್ನೊಂದರಿಂದ. ಆರರಿಂದ ಏನೂ ಬದಲಾಗುವುದಿಲ್ಲ, ಶಿಲುಬೆ ಮುಟ್ಟಿ ಮಾತಾಡುವ ಗಿನ್ಕಾ ಎಂಥವಳು ಎಂದು ಊರಿಗೆ ತಿಳಿಯುತ್ತದೆ ಅಷ್ಟೇ. ಮೊದಲು ನನ್ನನ್ನೇ ಕರೆಯಿಸಿ ಎಂದು ವಕೀಲರಿಗೆ ಹೇಳಿದ್ದೇನೆ. ನಾನು ನಿಧಾನವಾಗಿ ಹೇಳುತ್ತೇನೆ. ಅಷ್ಟರೊಳಗೆ ಬಾ.